ಪಾಂಡೇಸರಾದ ಖಾಲಿ ಬಸ್ಸು

ಸಂಶಯ ನನ್ನ ಹುಟ್ಟುಗುಣ. ತರಕಾರಿಯವನ ತಕ್ಕಡಿಯಿಂದ ಹಿಡಿದು ಆಟೋ ಮೀಟರಿನವರೆಗೆ ಯಾವುದನ್ನೂ ನಂಬಿದವಳಲ್ಲ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನನ್ನ ಜೊತೆ ಫ್ಲ್ಯಾಟಿನಲ್ಲಿದ್ದ ದಾವಣಗೆರೆಯ ಗೆಳತಿ, "ನಿನ್ನ ಕಟ್ಕೊಳ್ಳೋನು ಪಾಪ ದಿನಾ ಹಾಜರಿ ಹಾಕ್ಬೇಕು ಬಿಡೇ" ಎಂದು ಛೇಡಿಸುತ್ತಿದ್ದಳು. ನಾನು ನಂಬುತ್ತಿದ್ದುದು ಆಫೀಸಿನ ಸಾಫ್ಟ್‌ವೇರನ್ನು ಮಾತ್ರ. ಊರನ್ನು ವಲಯಗಳಾಗಿ ವಿಂಗಡಿಸಿ, ಮನೆಮನೆ ಸಮೀಕ್ಷೆಯ ಫಾರ್ಮುಗಳನ್ನು ತುಂಬಿದರೆ, ಯಾವ ರಸ್ತೆಯಲ್ಲಿ ಎಷ್ಟು ವಾಹನ, ಯಾವ ಬಸ್ಸಿನಲ್ಲಿ ಎಷ್ಟು ಜನ ಎಂದು ಅದು ಹೇಳುತ್ತದೆ.

ಸೂರತ್ತಿನ ಕೆಲಸ ಬಂದಾಗ, ಅಲ್ಲಿನ ಪಾಂಡೇಸರಾ ಎಂಬ ಮಿಲ್ಲುಗಳ ಬಡಾವಣೆಯ ಒಳಗೇ ಓಡಾಡುವ ಬಸ್ಸು ಪರದೆಯ ಮೇಲೆ ಖಾಲಿ ಕಂಡಿತು. ಖಾಲಿ ಓಡುವ ಬಸ್ಸನ್ನು ನಿಲ್ಲಿಸಿ ಎಂದು ಶಿಫಾರಸು ಮಾಡುವುದೇ ನಮ್ಮ ಕೆಲಸ. ಫಾರ್ಮು ತೆಗೆದು ನೋಡಿದರೆ ಜನವೋ ಜನ! ಎಲ್ಲ ಒಂದೇ ಥರ: ಬೆಳಿಗ್ಗೆ ಏಳರೊಳಗೆ ಮನೆಯಿಂದ ಬಟ್ಟೆ ಮಿಲ್ಲಿಗೆ, ಸಂಜೆ ವಾಪಸ್. ಬರೆದವಳು ಅಲ್ಲಿಯವಳೇ, ಏಜೆನ್ಸಿಯೊಂದರ ಮೂಲಕ ಸಮೀಕ್ಷೆಗೆ ಸೇರಿದ್ದವಳು. ಓಹೋ, ಚಹಾ ಅಂಗಡಿಯಲ್ಲಿ ಕೂತು ಗೀಚಿದ್ದಾಳೆ ಮಹಾರಾಯ್ತಿ! ಮೈಯೆಲ್ಲ ಉರಿಯಿತು. ಅವಳನ್ನು ಕೆಲಸದಿಂದ ತೆಗೆಯಿರೆಂದು ಏಜೆನ್ಸಿಗೆ ಮೇಲ್ ಹಾಕಿದೆ. ಕಣ್ಣಾರೆ ನೋಡಿ ಪುರಾವೆ ಹಿಡಿಯೋಣವೆಂದು ಸಂಜೆಯೇ ಸೂರತ್ತಿನ ರೈಲು ಹತ್ತಿದೆ.

ಬೆಳಿಗ್ಗೆ ನಾನು ಕರೆದಿದ್ದಕ್ಕೆ ಪಾಂಡೇಸರಾದ ಬಸ್ ನಿಲ್ದಾಣಕ್ಕೆ ಆ ಸಮೀಕ್ಷೆಯವಳು ನಗುತ್ತಲೇ ಬಂದಳು. ನಾನು ಏಜೆನ್ಸಿಗೆ ಹಾಕಿದ ಮೇಲ್‌ನ ಸುದ್ದಿ ಅವಳಿಗೆ ತಲುಪಿರಲಿಲ್ಲ. ಬಸ್ಸು ಬಂತು. ಕಾಲಿಡಲು ಜಾಗವಿಲ್ಲ, ಟಿಫಿನ್ ಡಬ್ಬಿಗಳು ಪಕ್ಕೆಗೆ ತಿವಿಯುತ್ತಿದ್ದವು. ಇವರನ್ನೂ ಇವಳೇ ಕರೆತಂದಿರಬಹುದೇ ಅನ್ನಿಸಿತು, ನೋಡಿ ನನ್ನ ಬುದ್ಧಿ! ಒಬ್ಬ ಹೆಂಗಸಿನ ಹೆಸರು ಕೇಳಿ, ಅವಳ ಫಾರ್ಮು ಹುಡುಕಿ ತೆಗೆದು, ಮನೆ ಎಲ್ಲಿ, ಮಿಲ್ಲು ಯಾವುದು ಎಂದು ಪರೀಕ್ಷಿಸಿದೆ. ಒಂದಕ್ಷರವೂ ತಪ್ಪಿರಲಿಲ್ಲ.

"ಇವ್ರೆಲ್ಲ ನನ್ನ ಫಾರ್ಮಲ್ಲಿ ಹತ್ತಿದಾರೆ ಮೇಡಂ," ಎಂದಳು ಸಮೀಕ್ಷೆಯವಳು ಹಿಂದಿಯಲ್ಲಿ. "ನಿಮ್ಮ ಕಂಪ್ಯೂಟರಲ್ಲಿ ಎಲ್ಲಿ ಇಳಿದ್ಬಿಟ್ರು?"

ಲಾಡ್ಜಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ವಲಯಗಳ ಗೆರೆ ಎಳೆದವಳು ನಾನು. ಅಹಮದಾಬಾದಿನಲ್ಲಿ ಕೂತು, ನಕ್ಷೆಯಲ್ಲಿ ಬರೀ ಮಿಲ್ಲುಗಳಿವೆಯೆಂದು ಇಡೀ ಪಾಂಡೇಸರಾವನ್ನು ಒಂದೇ ವಲಯ ಮಾಡಿದ್ದೆ. ಒಂದು ವಲಯದೊಳಗೇ ಹತ್ತಿ ಅದರೊಳಗೇ ಇಳಿಯುವವರನ್ನು ಸಾಫ್ಟ್‌ವೇರು ಯಾವ ಬಸ್ಸಿಗೂ ಹತ್ತಿಸುವುದಿಲ್ಲ. ಈ ಕಸುಬಿನಲ್ಲಿ ಮೊದಲು ಕಲಿಯುವ ಪಾಠವೇ ಅದು. ಥೂ ನನ್ನ ಜನ್ಮಕ್ಕೆ! ವಲಯವನ್ನು ಐದಾಗಿ ಒಡೆದೆ. ಪರದೆಯ ಮೇಲೆ ಬಸ್ಸು ತುಂಬಿಕೊಂಡಿತು.

ತಕ್ಷಣ ಏಜೆನ್ಸಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ. "ನೀವೇ ಅಲ್ವಾ ಬರೆದಿದ್ದು ಮೇಡಂ? ಬೇರೆಯವ್ರನ್ನ ಹಾಕಿ ಆಯ್ತು," ಎಂದರು. ಕಾಡಿದೆ, ಬೇಡಿದೆ, ಅವರು ಜಗ್ಗಲಿಲ್ಲ. ಅವಳಿಗೂ ಫೋನ್ ಮಾಡಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವಳು, "ಬಸ್ ನಿಲ್ಸಲ್ಲ ಅಲ್ವಾ?" ಎಂದಷ್ಟೇ ಕೇಳಿದಳು.

ಬಸ್ಸು ನಿಲ್ಲಲಿಲ್ಲ. ಅವಳೀಗ ಬೆಳಿಗ್ಗೆ ಏಳರೊಳಗೆ ಅದೇ ಬಸ್ಸಿನಲ್ಲಿ ಮಿಲ್ಲಿನ ಕೆಲಸಕ್ಕೆ ಹೋಗುತ್ತಾಳೆ.