ಹನ್ನೊಂದನೆಯ ಸಿಪಾರಾ

ಅಮ್ಮಿ ತೀರಿಕೊಂಡ ಮೇಲಿನ ನಲವತ್ತು ದಿನಗಳಲ್ಲಿ ನಾನು ಕೇಳಿದ್ದು ಮೂರೇ ಮಾತು. ಒಳ್ಳೆಯ ತಾಯಿ, ಒಳ್ಳೆಯ ಟೀಚರ್, ದೇವರ ಭಯ ಇದ್ದ ಹೆಂಗಸು. ಬಂದವರೆಲ್ಲ ಇದನ್ನು ಇದೇ ಕ್ರಮದಲ್ಲಿ ಹೇಳಿದರು, ಚಹಾ ಕುಡಿದರು, ಚಪ್ಪಲಿ ಹುಡುಕಿಕೊಂಡು ಹೊರಟರು. ನಾಲ್ಕನೆಯ ಮಾತು ಯಾರಿಗೂ ಹೊಳೆಯಲಿಲ್ಲ. ಬದುಕಿದ್ದಾಗ ಅವಳನ್ನು ಕಂಡರೆ ಮೂಗು ಮುರಿಯುತ್ತಿದ್ದವರೇ ಹೆಚ್ಚು ಕಣ್ಣೊರೆಸಿಕೊಂಡರು. ನನಗೆ ಅಳುವಿಗಿಂತ ಮೊದಲು ಹೇಸಿಗೆ ಬರುತ್ತಿತ್ತು.

ಎಲ್ಲರಿಗಿಂತ ದೊಡ್ಡ ದನಿ ಫುಪ್ಪುವಿನದು. ಫುಪ್ಪು ಅಂದರೆ ನಮ್ಮ ಅಬ್ಬಾನ ಅಕ್ಕ. ಫ್ರೇಜರ್ ಟೌನಿನಲ್ಲಿ ಮೂರು ಅಂತಸ್ತಿನ ಮನೆ, ಎರಡು ಸಲ ಹಜ್, ಸಂಬಂಧಿಕರ ಯಾವ ಕೂಟದಲ್ಲೂ ಗೋಡೆಗೊರಗಿ ಕೂರುವ ಖಾಯಂ ಜಾಗ. ಅಮ್ಮಿ ಕೊನೆಯ ವರ್ಷಗಳನ್ನು ಕೆ.ಆರ್. ಪುರದ ನನ್ನ ಮನೆಯಲ್ಲಿ ಕಳೆದಳು. ಫುಪ್ಪು ಒಮ್ಮೆಯೂ ನೋಡಲು ಬರಲಿಲ್ಲ. ನಡುವಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ದಾಟಿದರೆ ಊರೇ ಮುಗಿಯಿತು ಅನ್ನುವುದು ಅವರ ಭೂಗೋಳ. ಆದರೆ ನಲವತ್ತನೆಯ ದಿನದ ಕುರ್‌ಆನ್ ಓದು ಮಾತ್ರ ತಮ್ಮ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದರು.

"ನಿಮ್ಮನೇಲಿ ಜಾಗ ಎಲ್ಲಿದೆ ಬೇಟಾ? ನಾಲ್ಕು ಜನ ಕೂತ್ರೆ ಐದ್ನೇವ್ರು ಬಾತ್‌ರೂಮಲ್ಲಿ ಕೂರ್ಬೇಕು."

ಅವರು ಆಡಿದ್ದು ನಮ್ಮ ಮನೆಮಾತು ದಖನಿಯಲ್ಲಿ. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅದೂ ಅವರಿಗೆ ಸೇರದ ಕೆಲಸವೇ.

ಯಾಕೆಂದರೆ ಅಮ್ಮಿ ಕನ್ನಡ ಟೀಚರ್. ಶಿವಾಜಿನಗರದ ಸರ್ಕಾರಿ ಶಾಲೆಯಲ್ಲಿ, ಮನೆಯಲ್ಲಿ ದಖನಿ ಬಿಟ್ಟು ಬೇರೆ ಕೇಳದ ಹುಡುಗಿಯರಿಗೆ ಕನ್ನಡ ಓದಿಸುವುದೇ ಅವಳ ಉದ್ಯೋಗ. ನಮ್ಮ ಖಾನ್‌ದಾನಿನ ಸೊಸೆ ಕೈಯೆಲ್ಲ ಸೀಮೆಸುಣ್ಣ ಮೆತ್ತಿಕೊಂಡು ಬರ್ತಾಳೆ ಎಂದು ಫುಪ್ಪು ನಗುತ್ತಿದ್ದರು. ಆ ನಗುವಿಗೆ ದನಿ ಕೂಡಿಸುವವರು ಮನೆ ತುಂಬ ಇದ್ದರು.

ನಾನೂ ಅವಳ ಕ್ಲಾಸಿನಲ್ಲೇ ಕೂತು ಕಲಿತವಳು. ಮನೆಯ ಗುಟ್ಟು ಬಲ್ಲವಳಾದ್ದರಿಂದ ಅವಳ ಒಂದು ಉಪಾಯ ನನಗೆ ಬೇಗ ಗೊತ್ತಾಯಿತು. ಪಾಠ ಓದಿಸುವಾಗ ಬೆಂಚಿನ ಸಾಲಿನಲ್ಲಿ ಒಬ್ಬೊಬ್ಬರೇ ಎದ್ದು ಓದಬೇಕು. ಓದಲು ಬಾರದ ಹುಡುಗಿಯ ಸರದಿ ಇನ್ನೇನು ಬಂತು ಎನ್ನುವಾಗ ಅಮ್ಮಿ, "ಹೋಗಮ್ಮ, ಸ್ಟಾಫ್ ರೂಮಿಂದ ಚಾಕ್ ತಗೊಂಡ್ಬಾ" ಎಂದು ಅವಳನ್ನು ಎಬ್ಬಿಸಿ ಕಳಿಸುತ್ತಿದ್ದಳು. ಅವಳು ಮರಳುವ ಹೊತ್ತಿಗೆ ಸರದಿ ಮುಂದಿನ ಬೆಂಚಿಗೆ ಹೋಗಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ಅದೇ ಹುಡುಗಿಯನ್ನು ಬೇರೆ ನೆಪದಲ್ಲಿ ನಿಲ್ಲಿಸಿಕೊಂಡು ಅಕ್ಷರ ತಿದ್ದಿಸುವುದು. ಅಮ್ಮಿಯ ಮೇಜಿನ ಮೇಲೆ ಯಾವಾಗಲೂ ಚಾಕಿನ ರಾಶಿ. ನನಗೆ ಇದೆಲ್ಲ ಮೆದು ಸ್ವಭಾವದವರ ನಾಟಕ ಅನ್ನಿಸುತ್ತಿತ್ತು. ಬಾರದಿದ್ದರೆ ಬಾರದು ಅನ್ನಲಿ, ನಾಲ್ಕು ಜನ ನಗಲಿ, ಕಲಿತುಕೊಳ್ಳುತ್ತಾರೆ ಎಂದು ವಾದಿಸುತ್ತಿದ್ದೆ.

ಶಾಲೆಯಿಂದ ಬಂದ ಮೇಲೂ ಅವಳಿಗೆ ಪಾಠವೇ. ಗಲ್ಲಿಯ ದೊಡ್ಡ ಹೆಂಗಸರು ಏಳೆಂಟು ಮಂದಿ ನಮ್ಮ ಎರಡು ಕೋಣೆಯ ಮನೆಗೆ ಬಂದು ಚಾಪೆಯ ಮೇಲೆ ಕೂತು ಕುರ್‌ಆನ್ ಓದಲು ಕಲಿಯುತ್ತಿದ್ದರು, ಅಲಿಫ್ ಬೇ ಇಂದ ಶುರು ಮಾಡಿ. ಒಂದು ಸಂಜೆ ಫುಪ್ಪು ಬಂದಿದ್ದಾಗ ಅಮ್ಮಿ ಪಕ್ಕಕ್ಕೆ ಸರಿದು ಹೇಳಿದಳು: "ಆಪಾ, ನೀವೂ ಬನ್ನಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಫುಪ್ಪು ಉರಿದುಬಿದ್ದರು. "ನಿನ್ನ ಹತ್ರ ನಾನು ಕಲೀಬೇಕಾ?" ಎಂದವರೇ ಚಹಾವನ್ನೂ ಮುಟ್ಟದೆ ಹೋದರು. ವಾರದೊಳಗೆ ಅಬ್ಬಾ ಆ ತರಗತಿ ನಿಲ್ಲಿಸಿದರು, ಅಕ್ಕನ ಮಾತು ಮೀರುವ ತಾಕತ್ತು ಅವರಿಗಿರಲಿಲ್ಲ. ಚಾಪೆ ಸುತ್ತಿ ಮೂಲೆಗಿಟ್ಟ ದಿನ ಅಮ್ಮಿ ಅತ್ತಳು. ಒಂದು ಉಪಚಾರದ ಮಾತಿಗೆ ಇಷ್ಟೊಂದು ಸಿಟ್ಟೇಕೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ನಮ್ಮಲ್ಲಿ ಯಾರಾದರೂ ಸತ್ತರೆ ಬಂಧುಗಳು ಕೂತು ಇಡೀ ಕುರ್‌ಆನ್ ಓದಿ ಮುಗಿಸುತ್ತಾರೆ. ಅದನ್ನು ಮೂವತ್ತು ಬಿಡಿ ಪುಸ್ತಕ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಒಂದೊಂದೂ ಒಂದು ಸಿಪಾರಾ. ಬಿಳಿ ಹೊದಿಕೆ ಹಾಸಿ, ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ಓದಿದರೆ ಕೂತಲ್ಲೇ ಮುಗಿಯುತ್ತದೆ, ಆ ಪುಣ್ಯ ಹೋದವರಿಗೆ. ಓದಲು ಬಾರದವರಿಗೂ ಅಲ್ಲಿ ಜಾಗ ಉಂಟು. ನಡುವೆ ಖರ್ಜೂರದ ಬೀಜದ ಗುಡ್ಡೆ ಇರುತ್ತದೆ, ಒಂದೊಂದು ಬೀಜಕ್ಕೆ ಒಂದು ಸಲ ಕಲಿಮಾ ಹೇಳಿ ಪಕ್ಕಕ್ಕೆ ಹಾಕುವುದು. ಫುಪ್ಪು ಬೀಜ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅವರು ಯಾವಾಗಲೂ ಸಿಪಾರಾವನ್ನೇ ಎತ್ತಿಕೊಳ್ಳುವುದು, ಎಲ್ಲರಿಗಿಂತ ಮೊದಲು ಮುಗಿಸುವುದು.

ನಮ್ಮ ಮನೆಯಲ್ಲಿ ಹೀಗೆ ಓದಾದಾಗಲೆಲ್ಲ, ಬಂದವರು ಹೋದ ಮೇಲೆ ಅಮ್ಮಿ ಪೆಟ್ಟಿಗೆಯಿಂದ ಹೊರಗಿಟ್ಟ ಒಂದು ಸಿಪಾರಾ ಹಿಡಿದು ಮತ್ತೆ ಓದಲು ಕೂರುತ್ತಿದ್ದಳು. "ಮುಗೀತಲ್ಲ, ಮತ್ತೆ ಯಾಕೆ?" ಎಂದರೆ, "ನನ್ನ ಗಮನ ಎಲ್ಲೋ ಇತ್ತು ಕಣೇ" ಅನ್ನುತ್ತಿದ್ದಳು. ಅಷ್ಟು ಗಮನವಿಟ್ಟು ಓದುವವಳಿಗೆ ಪ್ರತಿ ಸಲವೂ ಗಮನ ತಪ್ಪುವುದು ಹೇಗೆ ಎಂದು ನಾನು ಕೇಳಲಿಲ್ಲ.

ನಲವತ್ತನೆಯ ದಿನಕ್ಕೆ ನಾನು ಹೊಸ ಸಿಪಾರಾಗಳ ಪೆಟ್ಟಿಗೆ ತಂದಿದ್ದೆ, ಓದಾದ ಮೇಲೆ ಅಮ್ಮಿಯ ಹೆಸರಲ್ಲಿ ಮಸೀದಿಗೆ ಕೊಡಲು. ಅದನ್ನು ಫುಪ್ಪುವಿನ ಪಡಸಾಲೆಯಲ್ಲಿಟ್ಟು ನಾನು ಮಾತ್ರ ಅಡುಗೆಮನೆ ಸೇರಿಕೊಂಡೆ. ಈರುಳ್ಳಿ ಹೆಚ್ಚುವ ನೆಪ. ನಿಜವೇನೆಂದರೆ ಹತ್ತಾರು ವರ್ಷದಿಂದ ನಾನು ಸಿಪಾರಾ ತೆರೆದಿರಲಿಲ್ಲ, ತಡವರಿಸುವುದನ್ನು ನಾಲ್ಕು ಜನ ನೋಡಬಾರದಿತ್ತು. ನಾಲ್ಕು ಜನ ನಗಲಿ ಎಂದು ಅಮ್ಮಿಗೆ ಬುದ್ಧಿ ಹೇಳಿದ್ದವಳು ನಾನೇ.

ಅಲ್ಲಿಂದಲೇ ಫುಪ್ಪುವಿನ ದನಿ ಕೇಳುತ್ತಿತ್ತು. "ಎಂಥಾ ತಾಯಿ! ಎಂಥಾ ಟೀಚರ್! ನಾನು ಅವಳನ್ನ ಸ್ವಂತ ತಂಗಿ ಥರ ನೋಡ್ಕೊಂಡೆ." ಚಾಕು ಬೆರಳಿಗೆ ತಾಗಿತು.

ಓದು ಮುಗಿಯುತ್ತಿದ್ದಂತೆ ನನ್ನನ್ನು ಕರೆದರು. ಸಿಪಾರಾಗಳನ್ನು ಕ್ರಮವಾಗಿ ಜೋಡಿಸಿ ಪೆಟ್ಟಿಗೆಗೆ ಹಾಕಬೇಕಿತ್ತು. ಕೈಕಾಲು ಮುಖ ತೊಳೆದು ಶುದ್ಧವಾಗಿ, ವುಜೂ ಮಾಡಿ ಬಂದೆ. ಫುಪ್ಪು ತಮ್ಮದಕ್ಕೆ ಮುತ್ತಿಟ್ಟು, ಎರಡೂ ಕಣ್ಣಿಗೊತ್ತಿ, "ಆಯ್ತು" ಎಂದು ನನ್ನ ಕೈಗಿಟ್ಟರು. ಹನ್ನೊಂದನೆಯದು. ಹಿಡಿದರೆ ನಡುವೆ ದಪ್ಪ. ತೆರೆದು ನೋಡಿದೆ. ನಾಲ್ಕು ಹಾಳೆ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು, ಪ್ರೆಸ್ಸಿನಲ್ಲಿ ಕತ್ತರಿಸಲು ಬಿಟ್ಟುಹೋಗಿತ್ತು. ಹರಿಯದೆ ಒಳಗಿನ ಪುಟ ಓದಲು ಯಾರಿಂದಲೂ ಸಾಧ್ಯವಿರಲಿಲ್ಲ. ಓದುವವರಾಗಿದ್ದರೆ ಅಲ್ಲಿಗೆ ಬಂದಾಗ ನಿಲ್ಲಲೇಬೇಕಿತ್ತು.

ಪೆಟ್ಟಿಗೆಯಿಂದ ಹೊರಗಿರುತ್ತಿದ್ದ ಆ ಒಂದು ಸಿಪಾರಾ, ಪಕ್ಕಕ್ಕೆ ಸರಿದು ಚಾಪೆಯಲ್ಲಿ ಮಾಡಿಕೊಟ್ಟ ಜಾಗ, ಎಲ್ಲ ಒಟ್ಟಿಗೆ ನೆನಪಾಯಿತು. ಫುಪ್ಪುವಿಗೆ ಅಕ್ಷರ ಬಾರದೆಂದು ಅಮ್ಮಿಗೆ ಗೊತ್ತಿತ್ತು. ಇಷ್ಟು ವರ್ಷ ಅವಳು ಈ ಹೆಂಗಸಿನ ಪಾಲಿನದನ್ನು ಗುಟ್ಟಾಗಿ ಓದಿ ತುಂಬಿಸಿದ್ದಳು. ಆ ಹೆಂಗಸು ಈಗ ಅಮ್ಮಿಯ ಪಾಲಿಗೆ ಬರಬೇಕಾದದ್ದನ್ನೇ ಸುಮ್ಮನೆ ಮಗುಚಿ ಹಾಕಿ ಕಣ್ಣಿಗೊತ್ತಿಕೊಂಡಿದ್ದಳು.

ಗಂಡಸರು ಕೂತಿದ್ದ ಕೋಣೆಯಿಂದ ಕೊನೆಯ ಪ್ರಾರ್ಥನೆಗೆ ಕೇಳಿ ಕಳಿಸಿದರು: ದುವಾ ಮಾಡೋದಾ, ಮೂವತ್ತೂ ಆಯ್ತಾ?

"ಆಯ್ತು ಅಂತ ಹೇಳು," ಎಂದರು ಫುಪ್ಪು.

"ಇಲ್ಲ," ಅಂದೆ. "ಒಂದು ಬಾಕಿ ಇದೆ."

"ಯಾರ್ದು?" ಎಂದು ಯಾರೋ ಕೇಳಿದರು. ಫುಪ್ಪು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು, ಆಮೇಲೆ ನನ್ನ ಮುಖ. ಅಷ್ಟು ದೊಡ್ಡ ಮನೆಯ ಯಜಮಾನಿ ಗೋಡೆ ಬಿಟ್ಟು ನೆಟ್ಟಗೆ ಕೂತರು. ಎರಡೇ ಮಾತು ಸಾಕಿತ್ತು, ಐವತ್ತು ವರ್ಷದ ಗತ್ತು ಮಣ್ಣುಪಾಲಾಗುತ್ತಿತ್ತು. ನನ್ನ ನಾಲಿಗೆಯ ತುದಿಗೆ ಬಂದೂ ಇತ್ತು.

"ನಂದು," ಎಂದೆ.

ಯಾಕೆ ಹಾಗೆಂದೆನೋ ತಿಳಿಯದು. ಕರುಣೆಯಂತೂ ಅಲ್ಲ. ಅಮ್ಮಿ ಆ ಹುಡುಗಿಯರನ್ನು ಚಾಕ್ ತರಲು ಕಳಿಸಿದಂತೆ ನನ್ನ ಬಾಯಿ ಫುಪ್ಪುವನ್ನು ಸರದಿಯಿಂದ ದಾಟಿಸಿಬಿಟ್ಟಿತು. "ಕೊಡು, ನಾನು ಬೇಗ ಓದ್ತೀನಿ" ಎಂದು ಒಬ್ಬರು ಕೈ ಚಾಚಿದರು, ಕೊಡಲಿಲ್ಲ. ಅಡುಗೆಮನೆಯ ಚಾಕು ತೊಳೆದು ತಂದು ಅಂಚು ಬಿಡಿಸಿದೆ, ಹೊದಿಕೆಯ ಮೇಲೆ ಕೂತು ಮೆಲುದನಿಯಲ್ಲಿ ಓದತೊಡಗಿದೆ. ಅಕ್ಷರ ಕೂಡಿಸಿಕೊಂಡು, ಬೆರಳಿಟ್ಟು, ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು, ಒಂದೂವರೆ ಗಂಟೆ. ಬಿರಿಯಾನಿ ಆರಿತು. ದುವಾ ಮಾಡಬೇಕಾದವರು ಎರಡು ಸಲ ಕೆಮ್ಮಿದರು. ಬಿಡಿಸಿದ ಹಾಳೆಗೆ ಬಂದಾಗ, ನಾನು ತಪ್ಪಿದರೆ ಆಮೇಲೆ ಕೂತು ಓದಿ ತುಂಬಿಸಲು ಅಮ್ಮಿ ಇಲ್ಲ ಎನ್ನುವುದು ಹೊಳೆದು, ನಲವತ್ತು ದಿನದಲ್ಲಿ ಮೊದಲ ಸಲ ಅತ್ತೆ.

ಅಷ್ಟರಲ್ಲಿ ಫುಪ್ಪು ಚೇತರಿಸಿಕೊಂಡಿದ್ದರು. ಮೇಲ್ವಿಚಾರಣೆಗೆ ಬಂದವರ ಹಾಗೆ ನನ್ನ ಪಕ್ಕ ಕೂತು, ಸಾಲು ಸಾಲಿಗೂ ತಲೆಯಾಡಿಸುತ್ತಿದ್ದರು. ನಾನು ತಪ್ಪು ಓದಿದಾಗಲೂ ಆಡಿಸಿದರು. ಕೊನೆಗೆ ಎಲ್ಲರಿಗೂ ಕೇಳುವಂತೆ, "ನೋಡಿ, ಟೀಚರ್ ಮಗಳು. ಊರಿಗೆಲ್ಲ ಓದ್ಸಿದ್ಳು, ಮಗಳಿಗೆ ಒಂದು ಸಿಪಾರಾ ನೆಟ್ಟಗೆ ಬರಲ್ಲ," ಎಂದರು. ಹೆಂಗಸರು ನಕ್ಕರು. ನಾನು ಪುಸ್ತಕ ಮುಚ್ಚಿ ಪೆಟ್ಟಿಗೆಗೆ ಹಾಕಿ, ಮೂವತ್ತೂ ಆಯಿತೆಂದು ಹೇಳಿ ಕಳಿಸಿದೆ.

ಅಮ್ಮಿ ಈ ಗುಟ್ಟನ್ನು ತನ್ನೊಂದಿಗೆ ಮಣ್ಣಿಗೆ ಒಯ್ದಳು. ನಾನು ಅಷ್ಟು ಒಳ್ಳೆಯವಳಲ್ಲ, ಅದಕ್ಕೇ ಬರೆದಿದ್ದೇನೆ. ಅಚ್ಚಾದ ಮೇಲೆ ಫ್ರೇಜರ್ ಟೌನಿಗೂ ಒಂದು ಪ್ರತಿ ಒಯ್ದು ಕೊಡುತ್ತೇನೆ. ಫುಪ್ಪು ಗೋಡೆಗೊರಗಿ ಅದನ್ನು ತೆರೆದು, ಹಾಳೆ ಮಗುಚಿ, ತಲೆಯಾಡಿಸಿ, ನನ್ನ ಕೈಗೇ ವಾಪಸ್ ಇಟ್ಟು "ಆಯ್ತು" ಅನ್ನುತ್ತಾರೆ.