ಹಾಲಿನ ಸಾಲಿನಲ್ಲಿ ಅಜ್ಜಿಯ ಸೇಡು

ನಾನು ಚಿಕ್ಕವಳಿದ್ದಾಗ, ಒಂಬತ್ತು ವರ್ಷದವಳಿದ್ದಾಗ, ನಾನೂ ನನ್ನ ಅಜ್ಜಿಯೂ ಸೇರಿ ಒಬ್ಬಳ ಮೇಲೆ ಸೇಡು ತೀರಿಸಿಕೊಂಡೆವು. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಮಕ್ಕಳೇ, ಸೇಡು ಕೆಟ್ಟದ್ದು ಎಂದು ನಿಮ್ಮ ಟೀಚರ್ ಹೇಳಿರಬಹುದು. ಪಾಪ, ಅವರು ನಮ್ಮ ಬೀಜಿಯನ್ನು ನೋಡಿಲ್ಲ.

ಆಗ ನಾವಿದ್ದದ್ದು ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಉಡುಪಿ ಕಡೆಯಿಂದ ಬಂದ ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಎದುರುಮನೆಯಲ್ಲಿ ಒಂದು ಪಂಜಾಬಿ ಕುಟುಂಬವಿತ್ತು. ಆ ಮನೆಯ ಅಜ್ಜಿಯನ್ನು ಬೀದಿಯವರೆಲ್ಲ ಬೀಜಿ ಎಂದು ಕರೆಯುತ್ತಿದ್ದರು. ಬೀಜಿಗೂ ನಮ್ಮ ಅಜ್ಜಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಎಪ್ಪತ್ತರ ಆಸುಪಾಸು. ಇಬ್ಬರಿಗೂ ಒಂದೇ ಹುಚ್ಚು. ಹಾಲಿನ ಡಿಪೋದ ಸಾಲಿನಲ್ಲಿ ತಾನೇ ಮೊದಲು ನಿಲ್ಲಬೇಕು!

ಆಗ ಹಾಲು ಗಾಜಿನ ಬಾಟಲಿಗಳಲ್ಲಿ ಬರುತ್ತಿತ್ತು. ಗಾಡಿ ಬರುವ ಮೊದಲೇ ಹೋಗಿ ಸಾಲಿನಲ್ಲಿ ಜಾಗ ಹಿಡಿಯಬೇಕಿತ್ತು. ದಿಲ್ಲಿಯ ಚಳಿಯಲ್ಲಿ ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಜನ ಒಂದು ಇಟ್ಟಿಗೆಯನ್ನೋ ಹರಕು ಚೀಲವನ್ನೋ ಸಾಲಿನಲ್ಲಿಟ್ಟು, ಮನೆಗೆ ಬಂದು ಚಹಾ ಕುಡಿದು ಮತ್ತೆ ಹೋಗುತ್ತಿದ್ದರು. ಇಟ್ಟಿಗೆ ಇದ್ದರೆ ಅದರ ಒಡೆಯರು ನಿಂತಂತೆಯೇ ಲೆಕ್ಕ, ಅದನ್ನು ಯಾರೂ ಸರಿಸುತ್ತಿರಲಿಲ್ಲ. ನಮ್ಮ ಅಜ್ಜಿ ಮಾತ್ರ ಇಟ್ಟಿಗೆ ಇಟ್ಟವಳಲ್ಲ. ಸೀರೆಯ ಮೇಲೆ ಅಪ್ಪನ ಹಳೆಯ ಕೋಟು ಹಾಕಿಕೊಂಡು, ಕಾಲಿಗೆ ಅಪ್ಪನದೇ ಕಾಲುಚೀಲ ಏರಿಸಿ, ಎಲ್ಲರಿಗಿಂತ ಮುಂದೆ ತಾನೇ ನಿಲ್ಲುತ್ತಿದ್ದಳು. ಬೀಜಿಯ ಇಟ್ಟಿಗೆಗೆ ಯಾವಾಗಲೂ ಎರಡನೆಯ ಜಾಗವೇ.

ಒಂದು ಮಳೆಗಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಕಾಲು ಉಳುಕಿತು, ಮೂರು ವಾರದಲ್ಲಿ ವಾಸಿಯೂ ಆಯಿತು. ಇನ್ನು ಮೆಲ್ಲಗೆ ಓಡಾಡಲಿ ಎಂದು ಡಾಕ್ಟರೇ ಹೇಳಿದ್ದರು. ಅಷ್ಟರಲ್ಲಿ ಬೀಜಿ ನಮ್ಮ ಗೇಟಿನ ಹತ್ತಿರ ನಿಂತು, ಅಕ್ಕಪಕ್ಕದವರೆಲ್ಲ ಕೇಳುವಂತೆ ಅಪ್ಪನಿಗೆ, “ಬಾಬೂಜೀ, ಮಾಜೀ ಕೋ ಆರಾಮ್ ಕರ್‌ನೇ ದೋ. ಗಿರ್ ಜಾಯೇಂಗೀ” ಎಂದಳು. ಅಮ್ಮನಿಗೆ ವಿಶ್ರಾಂತಿ ಕೊಡಿ, ಬಿದ್ದುಬಿಡುತ್ತಾರೆ ಎಂದು. ಕೇಳುವುದಕ್ಕೆ ಕಾಳಜಿಯ ಮಾತೇ. ಆದರೆ ಮರುದಿನ ಸಾಲಿನ ಮೊದಲನೆಯ ಜಾಗದಲ್ಲಿ ಅವಳ ಇಟ್ಟಿಗೆ ಕೂತಿತ್ತು. ಅದನ್ನು ನೋಡಿದವಳು ನಾನೇ, ಏಕೆಂದರೆ ಹಾಲು ತರುವ ಕೆಲಸ ಆಗ ನನ್ನ ತಲೆಗೆ ಬಂದಿತ್ತು.

ಅಪ್ಪ ನಾಲ್ಕು ಜನರ ಮಾತಿಗೆ ಅಂಜುವವರು. ಅಂದಿನಿಂದ ಅಜ್ಜಿ ಮಂಚ ಬಿಟ್ಟು ಇಳಿಯಬಾರದು ಎಂದಾಯಿತು. ನೀರು ಕೇಳಿದರೆ ನೀರು ಕೈಗೆ ಬಂತು, ಊಟ ಮಂಚಕ್ಕೇ ಬಂತು. ನಮಗೆಲ್ಲ ಅಜ್ಜಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂಬ ಹೆಮ್ಮೆ ಬೇರೆ. ಎರಡು ತಿಂಗಳಲ್ಲಿ ಅವಳ ಕಾಲು ಕಡ್ಡಿಯಾಯಿತು. ಏಳಬೇಕಾದರೆ ಇಬ್ಬರು ಹಿಡಿಯಬೇಕಾಯಿತು. ಊಟ ಅರ್ಧಕ್ಕೆ ನಿಂತಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವಳು ಜಗಳ ಮಾಡುವುದನ್ನೇ ಬಿಟ್ಟಳು. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ತಿನ್ನುತ್ತಿದ್ದಳು. ಅಜ್ಜಿ ಸಾಯುತ್ತಾಳೆ ಎಂದು ನನಗೆ ಭಯವಾಗಿ, ಶಾಲೆಯಲ್ಲಿ ಕೂತು ಅಳುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಬೀಜಿ ಮಿಠಾಯಿ ಹಿಡಿದು ನೋಡಲು ಬಂದಳು. ಅಜ್ಜಿಯ ಕೆನ್ನೆ ಸವರಿ, “ಬೇಚಾರೀ” ಎಂದಳು. ಪಾಪದವಳು ಎಂದು! ಅವಳು ಮೆಟ್ಟಿಲಿಳಿದು ಹೋಗುವವರೆಗೂ ಅಜ್ಜಿ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದಳು.

“ಅವಳ ಇಟ್ಟಿಗೆ ಈಗ ಎಷ್ಟನೆಯದು?”

“ಮೊದಲನೆಯದು, ಅಜ್ಜೀ.”

“ಹೌದಾ? ಬಾ ಇಲ್ಲಿ. ನಿನ್ನ ಹೆಗಲು ಕೊಡು.”

ಅಪ್ಪ ಕಚೇರಿಗೆ ಹೋದ ಮೇಲೆ, ನಾನು ಶಾಲೆಯಿಂದ ಬಂದ ಮೇಲೆ, ನಮ್ಮ ತಾಲೀಮು ನಡೆಯುತ್ತಿತ್ತು. ಮಂಚದಿಂದ ಏಳುವುದು, ಕೂರುವುದು. ಮೊದಲ ದಿನ ಮೂರು ಸಲ. ಪ್ರತಿ ಸಲ ಏಳುವಾಗಲೂ ಬೀಜಿಗೆ ಒಂದೊಂದು ಬೈಗುಳ. ಅವನ್ನು ನಿಮಗೆ ಹೇಳಲಾರೆ. ಹತ್ತು ಸಲ ಏಳುವಂತಾದಾಗ ಗೋಡೆ ಹಿಡಿದು ನಡೆದಳು. ಆಮೇಲೆ ನನ್ನ ಹೆಗಲು ಹಿಡಿದು ಒಂಟಿ ಕಾಲಿನಲ್ಲಿ ನಿಂತಳು. ಕ್ವಾರ್ಟರ್ಸಿನ ಮೆಟ್ಟಿಲನ್ನು ದಿನಕ್ಕೆ ಒಂದೊಂದರಂತೆ ಹೆಚ್ಚಿಸಿ ಹತ್ತಿದಳು. ಗಂಜಿ ಬೇಡ, ಹೆಸರುಕಾಳು ಬೇಯಿಸು, ಮೊಸರು ಹಾಕು ಎಂದು ಅಮ್ಮನಿಗೆ ತಾಕೀತು ಮಾಡಿದಳು. ಅಮ್ಮನಿಗೆ ಎಲ್ಲ ಗೊತ್ತಿತ್ತು, ಅಪ್ಪನ ಮುಂದೆ ತುಟಿ ಬಿಚ್ಚಲಿಲ್ಲ.

ಆ ಇಟ್ಟಿಗೆಯನ್ನು ಚರಂಡಿಗೆ ಎಸೆದುಬಿಡುತ್ತೇನೆ ಎಂದು ಒಮ್ಮೆ ನಾನು ಹೊರಟಿದ್ದೆ. ಅಜ್ಜಿ ಗದರಿದಳು. “ಕದ್ದು ಗೆದ್ದರೆ ಅವಳ ಮುಖ ನೋಡಿ ನಗುವುದು ಹೇಗೆ ಮಾರಾಯ್ತಿ?”

ಕೊನೆಗೆ ನಾವಿಬ್ಬರೂ ಡಿಪೋಗೆ ಹೊರಟ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಬೀದಿ ದೀಪ ಬರೀ ಹಳದಿ ಚುಕ್ಕೆಯಾಗಿತ್ತು. ಅಂಗೀಠಿ ಒಲೆಗಳ ಕಲ್ಲಿದ್ದಲ ಹೊಗೆ ಮೂಗಿಗೆ ಅಡರುತ್ತಿತ್ತು. ಖಾಲಿ ಬಾಟಲಿಗಳು ಸದ್ದು ಮಾಡದಂತೆ ನಾನು ಅವುಗಳ ನಡುವೆ ಟವೆಲ್ ತುರುಕಿದ್ದೆ. ಅಜ್ಜಿಯ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಎರಡು ಕಡೆ ಕೂತು ದಣಿವಾರಿಸಿಕೊಂಡಳು. ಡಿಪೋ ಮುಟ್ಟಿದಾಗ ಅಲ್ಲಿ ಒಂದೇ ಒಂದು ಇಟ್ಟಿಗೆಯೂ ಇರಲಿಲ್ಲ. ಅಜ್ಜಿ ಹೋಗಿ ಕಿಟಕಿಯ ಮುಂದೆ ನಿಂತಳು. ಕಾಲು ನಡುಗುತ್ತಿತ್ತು. ಆದರೂ ನನ್ನ ಹೆಗಲಿನಿಂದ ಕೈ ತೆಗೆದಳು.

ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಬೀಜಿ ಬಂದಳು, ಕಂಕುಳಲ್ಲಿ ಇಟ್ಟಿಗೆ. ಅಜ್ಜಿಯನ್ನು ನೋಡಿ ನಿಂತಲ್ಲೇ ನಿಂತಳು. ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಒಂದೇ ವಾಕ್ಯವನ್ನು ನನ್ನಿಂದ ಹೇಳಿಸಿಕೊಂಡು ಹದಿನೈದು ದಿನ ಬಾಯಿಪಾಠ ಮಾಡಿದ್ದಳು.

“ಬೀಜೀ, ಆಪ್ ಆರಾಮ್ ಕರೋ. ಗಿರ್ ಜಾಓಗೀ.”

ಬೀಜಿಯ ಮುಖ ಬೀಟ್‌ರೂಟಿನಂತಾಯಿತು. ಇಟ್ಟಿಗೆಯನ್ನು ಎರಡನೆಯ ಜಾಗದಲ್ಲಿ ದೊಪ್ಪನೆ ಇಟ್ಟಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಅಪ್ಪ ಮಫ್ಲರ್ ಸುತ್ತಿಕೊಂಡು ಓಡಿ ಬಂದರು. “ಅಮ್ಮಾ, ಏನಿದು! ಬಿದ್ದಿದ್ದರೆ?”

“ಬಿದ್ದಿಲ್ಲವಲ್ಲ. ನಿಂತಿದ್ದೇನೆ, ಕಾಣಿಸುವುದಿಲ್ಲವಾ? ಹೋಗು ಮಾರಾಯ, ಕಾಫಿಗೆ ನೀರಿಡು.”

ಅಪ್ಪ ಕಣ್ಣೊರೆಸಿಕೊಂಡು ಕಾಫಿಗೆ ನೀರಿಡಲು ಮನೆಗೆ ಹೋದರು. ಆಮೇಲೆ ಅಜ್ಜಿಯನ್ನು ಯಾರೂ ಮಂಚದ ಮೇಲೆ ಕೂರಿಸಲಿಲ್ಲ.

ಮರುದಿನ ನಾವು ಹೋಗುವಷ್ಟರಲ್ಲಿ ಬೀಜಿ ಇಟ್ಟಿಗೆ ಬಿಟ್ಟು ತಾನೇ ಬಂದು ನಿಂತಿದ್ದಳು. ಅದರ ಮರುದಿನ ಅಜ್ಜಿ ಇನ್ನೂ ಬೇಗ ಎದ್ದಳು. ಹೀಗೇ ವರ್ಷಗಟ್ಟಲೆ ನಡೆಯಿತು. ಒಮ್ಮೆ ಬೀಜಿ ಮಂಡಿನೋವೆಂದು ನಾಲ್ಕು ದಿನ ಬರದೆ, ಮತ್ತೆ ಮನೆಯವರ ಕೈಯಲ್ಲಿ ಇಟ್ಟಿಗೆ ಕಳಿಸಿದಳು. ಅಜ್ಜಿ ಅವಳ ಮನೆಗೇ ಹೋಗಿ, ನಿಮ್ಮ ಇಟ್ಟಿಗೆಯನ್ನು ನಾನೇ ಚರಂಡಿಗೆ ಎಸೆದೆ ಎಂದು ನನ್ನಿಂದ ಹಿಂದಿಯಲ್ಲಿ ಹೇಳಿಸಿದಳು. ಅದು ಶುದ್ಧ ಸುಳ್ಳು. ಆದರೆ ಐದನೆಯ ದಿನ ಬೀಜಿ ಕುಂಟುತ್ತಾ, ಶಪಿಸುತ್ತಾ ಡಿಪೋಗೆ ಬಂದಳು. ಇಬ್ಬರೂ ಎಂಬತ್ತು ದಾಟಿದರು, ಇಬ್ಬರೂ ಕೊನೆಯವರೆಗೆ ತಮ್ಮ ಕಾಲಿನ ಮೇಲೇ ಓಡಾಡಿದರು.

ಈಗ ಆ ಕ್ವಾರ್ಟರ್ಸ್ ಇಲ್ಲ, ಅಲ್ಲಿ ಎತ್ತರದ ಕಟ್ಟಡಗಳು ಎದ್ದಿವೆ. ದಿಲ್ಲಿಯ ಇನ್ನೊಂದು ಮೂಲೆಯ ನಮ್ಮ ದ್ವಾರಕಾ ಅಪಾರ್ಟ್‌ಮೆಂಟಿನಲ್ಲಿ ಹಾಲು ತಾನಾಗಿ ಬಂದು ಬಾಗಿಲಿನ ಚೀಲದಲ್ಲಿ ಕೂರುತ್ತದೆ. ನಿಮ್ಮಪ್ಪ ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾನೆ. ಅದೊಂದು ಇದ್ದಿದ್ದರೆ ನನ್ನ ಅಜ್ಜಿ ಬೀಳುತ್ತಲೇ ಇರಲಿಲ್ಲ. ಭಾನುವಾರ ನೀವು ಕೂತು ನನ್ನ ಮಾತ್ರೆ ಡಬ್ಬಿ ತುಂಬಿಸುತ್ತೀರಿ. ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿ, “ಅಜ್ಜೀ, ಆಜ್ ಸಿರ್ಫ್ ನೈನ್ ಹಂಡ್ರೆಡ್ ಸ್ಟೆಪ್ಸ್?” ಇವತ್ತು ಬರೀ ಒಂಬೈನೂರು ಹೆಜ್ಜೆಯಾ ಎಂದು ಬೈಯುತ್ತೀರಿ. ಎಲ್ಲ ಸರಿಯೇ. ಆದರೆ ಗಡಿಯಾರದ ಮೇಲೆ ಯಾರಿಗೆ ಹಟ ಬರುತ್ತದೆ? ನೀವು ನನಗೆ ಎಲ್ಲವನ್ನೂ ಕೊಟ್ಟಿದ್ದೀರಿ, ಒಬ್ಬಳು ಶತ್ರುವನ್ನು ಬಿಟ್ಟು.

ನಿನ್ನೆ ಲಿಫ್ಟಿನಲ್ಲಿ ಸಿ ಬ್ಲಾಕಿಗೆ ಹೊಸದಾಗಿ ಬಂದ ಹೆಂಗಸು ಸಿಕ್ಕಳು. ನನಗಿಂತ ಎರಡು ವರ್ಷ ದೊಡ್ಡವಳಂತೆ. ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುತ್ತಾಳಂತೆ. ನನ್ನ ಮಂಡಿ ನೋಡಿ, ನೀವು ಬೆಂಚಿನ ಮೇಲೆ ಕೂತಿರಿ, ಪರವಾಗಿಲ್ಲ ಎಂದು ನಕ್ಕಳು. ಮಕ್ಕಳೇ, ನಾಳೆ ಬೆಳಿಗ್ಗೆ ನನ್ನನ್ನು ಬೇಗ ಎಬ್ಬಿಸಿ. ಐದು ಸುತ್ತು ಹಾಕದೆ ನಾನು ಮನೆಗೆ ಬರುವುದಿಲ್ಲ. ನಿಮ್ಮಪ್ಪನಿಗೆ ಹೇಳಬೇಡಿ.