ಕಾಖಂಡಕಿಗೆ ಹೋಗದ ಜೋಳ

ಜೋರಾಪುರ ಪೇಟೆಯ ನಮ್ಮ ಮಾಮಾನ ಮನೆಗೆ ಹಳೆಯ ಕಂಪ್ಯೂಟರ್ ಬಂದಿದ್ದ ಕಾಲವದು. ಬೇಸಿಗೆ ಸೂಟಿ ಬಿದ್ದರೆ ಸಾಕು, ಹೊನವಾಡದಿಂದ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಆ ವರ್ಷ ಗಂಗಕ್ಕನೂ ಅಲ್ಲಿದ್ದಳು. ನಮ್ಮ ದೊಡ್ಡವ್ವನ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ದೊಡ್ಡವ್ವ ಹಿಂದಿನ ದೀಪಾವಳಿಯ ಹೊತ್ತಿಗೆ ತೀರಿಕೊಂಡಿದ್ದಳು. ದೊಡ್ಡಪ್ಪ ಕಾಖಂಡಕಿಯ ಮನೆಗೆ ಕೀಲಿ ಹಾಕಿ, ಮಗಳನ್ನು ಮಾಮಾನ ಹತ್ತಿರ ಬಿಟ್ಟು, ಕೆಲಸಕ್ಕೆಂದು ಗೋವಾಕ್ಕೆ ಹೋಗಿದ್ದ.

ಆ ಕಂಪ್ಯೂಟರಿನಲ್ಲಿ ಒಂದು ರೈಲಿನ ಆಟವಿತ್ತು. ಹಳಿ ಹಾಕಬೇಕು, ಡಬ್ಬಿ ಜೋಡಿಸಬೇಕು, ಯಾವ ಮಾಲು ಎಲ್ಲಿಗೆಂದು ಹೇಳಬೇಕು. ಊರಿಗೆ ಬೇಕಾದ ಕಾಳುಕಡಿ ಮುಟ್ಟಿದರೆ ಅಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಮುಟ್ಟದಿದ್ದರೆ ಇದ್ದವೂ ಮಾಯವಾಗುತ್ತಿದ್ದವು. ಮಾಲು ಬಂದರಿಗೆ ಹೋಗಿ ಹಡಗು ಹತ್ತಿದರೆ ನಮ್ಮ ಅಂಕ ಏರುತ್ತಿತ್ತು. ಗೆಲ್ಲುವುದಕ್ಕೆ ಅಂಕವೇ ಬೇಕು. ನಿಲ್ದಾಣಗಳಿಗೆ ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದೆವು. ಗೋಧಿಯ ಚಿತ್ರವಿದ್ದ ಡಬ್ಬಿಯನ್ನು ಜೋಳವೆಂದೇ ಕರೆದೆವು. ನಮ್ಮ ಕಡೆ ಗೋಧಿಗೆ ಅಷ್ಟು ಮರ್ಯಾದೆ ಯಾರು ಕೊಡುತ್ತಾರೆ!

ಒಂದೇ ಕುರ್ಚಿಯಲ್ಲಿ ಇಬ್ಬರೂ ಅರ್ಧರ್ಧ ಕೂತು, ಶೇಂಗಾ ಚಟ್ನಿ ಹಚ್ಚಿದ ಕಟಕು ರೊಟ್ಟಿ ಮುರಿಯುತ್ತ ಆಡುತ್ತಿದ್ದೆವು. ಕೀಬೋರ್ಡಿಗೂ ಬೆಳ್ಳುಳ್ಳಿ ವಾಸನೆ. ಗಂಗಕ್ಕ ಮೊದಲ ಗಾಡಿಯನ್ನು ತಪ್ಪದೆ ಕಾಖಂಡಕಿಗೆ ಕಳಿಸುತ್ತಿದ್ದಳು.

"ಅಕ್ಕಾ, ಬಂದರಕ್ಕ ಕಳಸು. ಗೆಲ್ಲೂದು ಬ್ಯಾಡೇನು?"

"ಹಗೇವು ತುಂಬಿದ ಮ್ಯಾಲ ಪ್ಯಾಟಿಗಿ, ಸುಮಿ. ನಮ್ಮವ್ವ ಹಂಗ ಮಾಡ್ತಿದ್ಳು."

ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ. ಪರದೆಯ ಮೇಲೆ ನಿಲ್ದಾಣದ ಪಕ್ಕದ ಕೆಂಪು ಹಂಚಿನ ಮನೆಗೆ ಬೆರಳಿಟ್ಟು, "ಇದು ನಮ್ಮವ್ವನ ಮನಿ" ಎಂದಿದ್ದಳು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ನನಗೋ ಆಟ ನಿಂತಿತಲ್ಲ ಎಂಬ ಸಿಟ್ಟು.

ನಮ್ಮ ಮನೆಯ ರೂಢಿ ಬೇರೆ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹಸಿರು ಬಣ್ಣದ ದಪ್ಪ ಹಣ್ಣೆಲ್ಲ ಪರ ಊರಿಗೆ ಹೋಗುವ ಪೆಟ್ಟಿಗೆಗೆ. ಕಪ್ಪಾದದ್ದು, ಒಡೆದದ್ದು ನಮ್ಮ ಬಾಯಿಗೆ. ಚಲೋದೆಲ್ಲ ಹೊರಗೆ ಹೋಗಬೇಕು ಎಂಬುದನ್ನು ನೋಡುತ್ತಲೇ ಬೆಳೆದವಳು ನಾನು.

ಒಂದು ಮುಂಜಾನೆ ಗಂಗಕ್ಕ ಮಾಮಿಯ ಜೊತೆ ಸಂತೆಗೆ ಹೋದಳು. ನಾನು ಅಷ್ಟೂ ಗಾಡಿಗಳನ್ನು ಬಂದರಿಗೆ ತಿರುಗಿಸಿದೆ. ಅಂಕ ಸರಸರ ಏರಿತು. ಕಾಖಂಡಕಿಯ ಮನೆಗಳು ಒಂದೊಂದಾಗಿ ಮಾಯವಾದವು. ಹಂಚಿನ ಮನೆ ಹೋಗುವುದನ್ನೂ ಕಣ್ಣಾರೆ ನೋಡಿದೆ, ನೋಡಿಯೂ ನಿಲ್ಲಿಸಲಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂದು ಹಳೆಯ ಆಟದ ಮೇಲೆಯೇ ಹೊಸದನ್ನು ಸೇವ್ ಮಾಡುವುದು ನಮ್ಮ ಅಭ್ಯಾಸ. ಹಾಗೆಯೇ ಮಾಡಿದೆ. ಇನ್ನು ಆ ಊರು ಮರಳಿ ಬರುವಂತಿರಲಿಲ್ಲ.

ಅವಳು ಚೀಲ ಹಿಡಿದು ಒಳಗೆ ಬರುತ್ತಲೇ "ಗೆದ್ದೆ ಅಕ್ಕಾ!" ಎಂದು ಕುಣಿದೆ.

"ನಮ್ಮವ್ವನ ಮನಿ?"

ನಾನು ಪರದೆಗೆ ಅಡ್ಡ ನಿಂತೆ. ಅವಳು ನನ್ನ ಮುಖವನ್ನಷ್ಟೇ ನೋಡಿ, ಪರದೆಯ ಕಡೆ ತಿರುಗಿಯೂ ನೋಡದೆ, ಅಡುಗೆಮನೆಗೆ ಹೋಗಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಳು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಸೂಟಿ ಮುಗಿಯುವವರೆಗೂ ಅವಳು ಆ ಕುರ್ಚಿಯ ಹತ್ತಿರ ಬರಲಿಲ್ಲ. ಮರುವರ್ಷ ದೊಡ್ಡಪ್ಪ ಬಂದು ಅವಳನ್ನು ಗೋವಾಕ್ಕೆ ಕರೆದುಕೊಂಡು ಹೋದ.

ಹೋದ ವರ್ಷ ತಿಕೋಟಾದಲ್ಲಿ ಬಂಧುಗಳ ಮನೆಯ ಬಸುರಿ ಹೆಣ್ಣಿನ ಕುಬಸದ ಕಾರ್ಯದಲ್ಲಿ ಗಂಗಕ್ಕ ಸಿಕ್ಕಳು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿ, "ತಪ್ಪಾತು ಅಕ್ಕಾ" ಎಂದೆ.

"ಹುಡುಗಾಟ ಅದು, ಬಿಡ ಬೇ" ಎಂದು ನಕ್ಕಳು. ಊಟದ ಎಲೆ ಎತ್ತುವಾಗ ದನಿ ತಗ್ಗಿಸಿ ಕೇಳಿದಳು: "ನಮ್ಮವ್ವಂದು ಹೋಗ್ಲಿ, ಉಳದ ಮನಿಗೋಳಾದ್ರೂ ಇದ್ದೂ ಇಲ್ಲೋ?"

"ಇದ್ದೂ ಅಕ್ಕಾ. ಭಾಳ ಇದ್ದೂ."

"ಹಂಗಾರ ಚಲೋ ಆತು."

ಒಂದೂ ಇರಲಿಲ್ಲ. ಆ ಬೇಸಿಗೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ, ಮುಖ ನೋಡಿಯೇ ನನ್ನ ಸುಳ್ಳು ಹಿಡಿಯುತ್ತಿದ್ದವಳು ಅವಳು. ಈಗ ನಂಬಿದಳು.